ಮದುವೆಯ ಉಡುಗೊರೆ

ಮದುವೆ ಮನೆ. ಓಲಗ ಮೊಳಗಿತು. ಧಾರೆ ಆಯಿತು. ಇನ್ನು ಮುಯ್ಯಿ ಶುರು. ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಯಾರು ಏನು ಕೊಟ್ಟರು ಅಂತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆ ಮದುವೆಗೆ ನಾವೂ ಕೊಡಬೇಕಲ್ಲ!

ಅಕ್ಕಂದಿರೇ, ಮದುಮಗಳಿಗೆ ಯಾವ ಉಡುಗೊರೆ ಒಳ್ಳೆಯದು? ಬೆಲೆ ನೋಡಿ ಹೇಳಬೇಡಿ. ಅವಳಿಗೆ ಏನು ಬೇಕು ಅಂತ ನೋಡಿ. ಒಂದೇ ಮದುವೆಗೆ ಐದು ಗೋಡೆ ಗಡಿಯಾರ ಬರುತ್ತವೆ. ಕೋಣೆಗೆ ಗೋಡೆ ಇರೋದು ನಾಲ್ಕೇ! ಹೊಲಿಗೆ ಕಲಿತ ಹುಡುಗಿಗೆ ಹೊಲಿಗೆ ಯಂತ್ರ ಕೊಟ್ಟರೆ ದುಡಿಮೆಗೆ ದಾರಿ ಆಯಿತು. ಒಬ್ಬರ ಕೈಲಿ ಆಗದಿದ್ದರೆ ನಾಲ್ಕು ಮನೆಯವರು ಸೇರಿ ಕೊಡಬಹುದು. ಅಜ್ಜಿ ಹಳೆ ಸೀರೆಗಳಿಂದ ಕೌದಿ ಹೊಲಿದು ಕೊಡುತ್ತಾಳೆ. ಅದಕ್ಕೆ ಖರ್ಚೇನೂ ಇಲ್ಲ. ಆದರೆ ಚಳಿಯ ರಾತ್ರಿ ಮೊಮ್ಮಗಳು ಹೊದೆಯುವುದು ಅದನ್ನೇ. ತವರಿನವರು ಹಸು, ಕರು ಕೊಡುವುದೂ ಉಂಟು. ಇದನ್ನು ಬಳುವಳಿ ಅನ್ನುತ್ತಾರೆ. ಕರು ಬೆಳೆದು ಹಾಲು ಕೊಡುತ್ತದೆ.

ಇನ್ನೊಂದು ಮಾತು ಕೇಳಿರುತ್ತೀರಿ. "ನಮಗೇನೂ ಬೇಡ. ಹುಡುಗನಿಗೆ ಒಂದು ಬೈಕ್ ಕೊಡಿಸಿಬಿಡಿ." ಇದು ಉಡುಗೊರೆ ಅಲ್ಲ, ವರದಕ್ಷಿಣೆ. ಇದನ್ನು ತಡೆಯಲು 1961ರಲ್ಲಿ ಕಾಯ್ದೆ ಬಂತು. ವರದಕ್ಷಿಣೆ ತೆಗೆದುಕೊಳ್ಳುವುದು ಅಪರಾಧ. ಕೊಡುವುದೂ ಅಪರಾಧ. ಬಾಯಿಬಿಟ್ಟು ಕೇಳಿದರೂ ಅಪರಾಧವೇ.

ಹಾಗಾದರೆ ಮಗಳಿಗೆ ಏನೂ ಕೊಡಬಾರದೇ? ಕೊಡಬಹುದು. ಯಾರೂ ಕೇಳಿರಬಾರದು. ನಮ್ಮ ಶಕ್ತಿ ಮೀರಿರಬಾರದು. ಕೊಟ್ಟದ್ದನ್ನು ಪಟ್ಟಿ ಮಾಡಿ ಬರೆದಿಡಬೇಕು.

ಈ ಪಟ್ಟಿಗೆ ಸರ್ಕಾರ 1985ರಲ್ಲಿ ನಿಯಮ ಮಾಡಿತು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು, ಇಷ್ಟನ್ನೂ ಬರೆಯಬೇಕು. ವಧು, ವರ ಇಬ್ಬರೂ ಸಹಿ ಹಾಕಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಹತ್ತಿರವೇ ಇರಬೇಕು.

ಸಹಿ ಬಾರದ ವಧು ಹೆಬ್ಬೆಟ್ಟು ಒತ್ತಬಹುದು. ಅದಕ್ಕೆ ಮೊದಲು ಪಟ್ಟಿಯನ್ನು ಅವಳಿಗೆ ಓದಿ ಹೇಳಬೇಕು. ಓದಿದವರೂ ಸಹಿ ಹಾಕಬೇಕು. ಸರಿ. ಆದರೆ ಓದುವವರು ಒಂದು ಸಾಲು ಬಿಟ್ಟು ಓದಿದರೆ? ಅವಳಿಗೆ ಹೇಗೆ ಗೊತ್ತಾಗಬೇಕು? ನೀವೀಗ ಅಕ್ಷರ ಕಲಿತಿದ್ದೀರಿ. ನಿಮ್ಮ ಮಗಳ ಪಟ್ಟಿಯನ್ನು ನೀವೇ ಓದಿ ನೋಡಬಹುದು.

ಇಷ್ಟೆಲ್ಲ ಯಾಕೆ ಅನ್ನುತ್ತೀರಾ? ಹೆಣ್ಣಿಗೆ ಕೊಟ್ಟ ಒಡವೆ, ಪಾತ್ರೆ, ಹಣ ಅವಳ ಸ್ತ್ರೀಧನ. ಅದು ಗಂಡನದಲ್ಲ, ಅತ್ತೆಯದೂ ಅಲ್ಲ. ಅವರ ಮನೆಯಲ್ಲಿ ಇಟ್ಟಿದ್ದರೂ ಅದು ಅವಳದೇ. 1985ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ತೀರ್ಪು ಕೊಟ್ಟಿದೆ. ಕಷ್ಟ ಬಂದು ಆ ಮನೆ ಬಿಡಬೇಕಾದರೆ, "ಈ ಸರ ನನ್ನದು" ಅನ್ನಲು ಪಟ್ಟಿ ಆಧಾರವಾಗುತ್ತದೆ.

ಹೀಗೆ ಬರೆಯಿರಿ:

ಹಿತ್ತಾಳೆ ಬಿಂದಿಗೆ, 1. ಬೆಲೆ ಸುಮಾರು 2000 ರೂಪಾಯಿ. ಕೊಟ್ಟವರ ಹೆಸರು. ಸಂಬಂಧ: ಸೋದರಮಾವ.

ನಿಮ್ಮ ಮದುವೆಗೆ ಯಾರು ಏನು ಕೊಟ್ಟರು? ನೆನಪು ಮಾಡಿಕೊಂಡು ಐದು ಸಾಲು ಬರೆಯಿರಿ. ಕೆಳಗೆ ಸಹಿ ಹಾಕಿ.