ಅಗಿಯದೆ ನುಂಗಿದ ಮುದ್ದೆ ಹೊಟ್ಟೇಲಿ ಏನಾಗತ್ತೆ?

ಹಾರೋಹಳ್ಳಿ, ಕನಕಪುರ ಕಡೆ ಮುದ್ದೆ ತಿನ್ನೋಕೆ ಒಂದೇ ರೂಲ್: ಅಗಿಯಬಾರದು. ಬೆರಳಲ್ಲಿ ಮುರಿದು, ಸಾರಲ್ಲಿ ಹೊರಳಿಸಿ, ಗುಳುಂ ಅಂತ ನುಂಗಬೇಕು. ಹಾಸ್ಟೆಲ್‌ಗೆ ಹೊಸದಾಗಿ ಬಂದ ಉತ್ತರ ಭಾರತದ ಹುಡುಗರಿಗೆ ಇದನ್ನ ಹೇಳಿಕೊಟ್ಟರೆ ಅವರು ಕಣ್ಣರಳಿಸಿ ಕೇಳೋ ಪ್ರಶ್ನೆ ನ್ಯಾಯವಾಗೇ ಇದೆ. ಜೀರ್ಣಕ್ರಿಯೆ ಬಾಯಲ್ಲೇ ಶುರುವಾಗತ್ತೆ ಅಂತ ಬರೆದು ನಾವೆಲ್ಲ ಹೈಸ್ಕೂಲಲ್ಲಿ ಮಾರ್ಕ್ಸ್ ತಗೊಂಡಿದ್ದೀವಿ. ಹಾಗಾದ್ರೆ ಇಲ್ಲಿ ಹಲ್ಲಿನ ಕೆಲಸ ಯಾರು ಮಾಡ್ತಾರೆ?

ಅರ್ಧ ಕೆಲಸ ಫ್ಲೋರ್ ಮಿಲ್‌ನಲ್ಲೇ ಮುಗಿದಿರತ್ತೆ. ರಾಗಿ ಕಾಳು ಪುಡಿಯಾದಾಗ ಅದರ ಗಟ್ಟಿ ಸಿಪ್ಪೆ ಒಡೆದಿರತ್ತೆ. ಇನ್ನರ್ಧ ಒಲೆ ಮೇಲೆ. ಹಸಿ ಹಿಟ್ಟಿನಲ್ಲಿ ಸ್ಟಾರ್ಚ್ ಕಣಗಳು ಬಿಗಿಯಾಗಿ ಕಟ್ಟಿಕೊಂಡಿರ್ತವೆ, ಎಂಜೈಮ್‌ಗಳು ಒಳಗೆ ಹೋಗೋಕೆ ಜಾಗ ಇರಲ್ಲ. ಕುದಿಯೋ ನೀರಲ್ಲಿ ಬೆಂದಾಗ ಆ ಕಣಗಳು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ತವೆ. ಕೋಲು ಹಾಕಿ ತಿರುವಿದಷ್ಟೂ ಗಂಟಿಲ್ಲದೆ ಎಲ್ಲಾ ಕಡೆ ಒಂದೇ ಥರ ಬೇಯತ್ತೆ. ಗಂಟು ಮುದ್ದೆ ಮಾಡಿದರೆ ಅಜ್ಜಿಯರು ಬೈಯೋದು ಸುಮ್ಮನೆ ಅಲ್ಲ!

ಎಂಜಲಿನಲ್ಲೂ ಅಮೈಲೇಸ್ ಅನ್ನೋ ಎಂಜೈಮ್ ಇದೆ, ಅದು ಸ್ಟಾರ್ಚ್ ಒಡೆಯತ್ತೆ. ನುಂಗೋ ಮುದ್ದೆಗೆ ಅದು ಸಿಗೋದು ಬಹಳ ಕಡಿಮೆ. ಪರವಾಗಿಲ್ಲ, ಯಾಕಂದ್ರೆ ಅದೇ ಕೆಲಸ ಮಾಡೋ ಅಮೈಲೇಸನ್ನ ಮುಂದೆ ಪ್ಯಾಂಕ್ರಿಯಾಸ್ ಧಾರಾಳವಾಗಿ ಸುರಿಸತ್ತೆ. (ಕನ್ನಡದಲ್ಲಿ ಮೇದೋಜೀರಕ ಗ್ರಂಥಿ. ಈ ಪದ ನಾನು ಕಲಿತಿದ್ದೇ ಈ ಲೇಖನಕ್ಕೋಸ್ಕರ.) ನಡುವೆ ಜಠರ ಇದೆ. ಅದರ ಸ್ನಾಯುಗಳು ತುತ್ತನ್ನ ಆಸಿಡ್ ಜೊತೆ ಹಿಂದೆ ಮುಂದೆ ಕಲಸಿ ಗಂಜಿ ಥರ ಮಾಡ್ತವೆ. ಬಸ್ಸಾರಿನ ಕಾಳಿನ ಪ್ರೋಟೀನನ್ನ ಪೆಪ್ಸಿನ್ ಇಲ್ಲೇ ಕತ್ತರಿಸೋಕೆ ಶುರು ಮಾಡತ್ತೆ. ಜಠರದ ಕೊನೇಲಿರೋ ಬಾಗಿಲು ಜರಡಿ ಇದ್ದ ಹಾಗೆ: ಹೆಚ್ಚುಕಡಿಮೆ ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡ ಚೂರುಗಳನ್ನ ವಾಪಸ್ ಕಲಸೋಕೆ ಕಳಿಸತ್ತೆ. ಆದ್ದರಿಂದ ಮಧ್ಯಾಹ್ನದ ಊಟ ಪೂರ್ತಿ ಕೆಳಗಿಳಿಯೋಕೆ ಕೆಲವು ಗಂಟೆ ಬೇಕು.

ಸಣ್ಣ ಕರುಳಲ್ಲಿ ಸ್ಟಾರ್ಚ್ ಕೊನೆಗೆ ಗ್ಲೂಕೋಸ್ ಆಗತ್ತೆ, ಪ್ರೋಟೀನ್ ಅಮೈನೋ ಆಸಿಡ್ ಆಗತ್ತೆ, ಒಗ್ಗರಣೆ ಎಣ್ಣೆಯನ್ನ ಪಿತ್ತರಸ ಸಣ್ಣ ಹನಿಗಳಾಗಿ ಒಡೆಯತ್ತೆ. ಮೆಕ್ಯಾನಿಕಲ್‌ನವರಿಗೆ ಈ ಕರುಳು ಇಷ್ಟವಾಗಬೇಕು. ಹೀಟ್ ಎಕ್ಸ್‌ಚೇಂಜರ್‌ಗೆ ಫಿನ್ ಹಾಕಿ ಮೇಲ್ಮೈ ಹೆಚ್ಚಿಸ್ತೀವಲ್ಲ, ಅದೇ ಐಡಿಯಾ: ಒಳಗೋಡೆ ಪೂರ್ತಿ ಮಡಿಕೆ, ಮಡಿಕೆ ಮೇಲೆ ವಿಲ್ಲೈ ಅನ್ನೋ ಕೂದಲಿನಂಥ ಚಾಚುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೈಕ್ರೋವಿಲ್ಲೈ. ಟೆನಿಸ್ ಕೋರ್ಟಿನಷ್ಟು ಅಗಲ ಅಂತ ಹಳೇ ಪುಸ್ತಕಗಳು ಹೇಳ್ತಿದ್ವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ ಬಂದಿದ್ದು ಸುಮಾರು 30 ಚದರ ಮೀಟರ್, ಅಂದ್ರೆ ಬ್ಯಾಡ್ಮಿಂಟನ್ ಕೋರ್ಟಿನ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಒಂದು ಹೊಟ್ಟೆಗೆ ಅದೂ ಕಮ್ಮಿಯೇನಲ್ಲ ಬಿಡಿ.

ಗ್ಲೂಕೋಸ್ ಇಲ್ಲಿ ಸುಲಭವಾಗಿ ರಕ್ತಕ್ಕೆ ದಾಟತ್ತೆ. ಹಾಗಾಗಿ ಮುದ್ದೆ ತಿಂದ್ರೆ ಶುಗರ್ ಏರೋದೇ ಇಲ್ಲ ಅನ್ನೋ ಮಾತನ್ನ ನಂಬಬೇಡಿ, ರಾಗಿಯಲ್ಲೂ ಹೆಚ್ಚಿನ ಪಾಲು ಸ್ಟಾರ್ಚೇ. ಕಷ್ಟ ಇರೋದು ಕಬ್ಬಿಣಾಂಶಕ್ಕೆ. 100 ಗ್ರಾಂ ರಾಗೀಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪ್ಯಾಕೆಟ್ ಮೇಲೆ ಬರೆಯೋಕೆ ಚೆನ್ನಾಗಿದೆ. ಆದ್ರೆ ತಟ್ಟೇಲಿರೋದೆಲ್ಲ ರಕ್ತಕ್ಕೆ ಸೇರಲ್ಲ. ರಾಗೀಲಿರೋ ಫೈಟೇಟ್, ಸಿಪ್ಪೆಯ ಬಣ್ಣದ ಜೊತೆ ಬರೋ ಟ್ಯಾನಿನ್, ಎರಡೂ ಕಬ್ಬಿಣವನ್ನ ಹಿಡಿದು ಕಟ್ಟಿಹಾಕ್ತವೆ. ಕಟ್ಟಿಹಾಕಿದ್ದು ಕರುಳಿನ ಗೋಡೆ ದಾಟದೆ ಹಾಗೇ ಹೊರಗೆ ಹೋಗತ್ತೆ.

ಇದು ಬರೀ ಪರೀಕ್ಷೆಗೆ ಓದೋ ವಿಷಯ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ನಮ್ಮ ಕ್ಲಾಸಿನ ಹುಡುಗಿಯರೂ ಆ ವಯಸ್ಸಿನವರೇ. ಲ್ಯಾಬಲ್ಲಿ ನಿಂತಾಗ ತಲೆಸುತ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು ಅಂದ್ರೆ 'ನಿದ್ದೆ ಕಮ್ಮಿ' ಅಂತ ತಳ್ಳಿಹಾಕ್ತೀವಿ. ಅಂಥವರು ಮೊದಲು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ, ಡಾಕ್ಟರನ್ನ ಕೇಳಿ. ಊಟವೊಂದರಿಂದಲೇ ಅದು ಸರಿಹೋಗಲ್ಲ.

ಆದ್ರೂ ಊಟದಲ್ಲಿ ಮಾಡಬಹುದಾದ್ದು ಇದೆ. ಕಾಳು ಮೊಳಕೆ ಬಂದಾಗ ಫೈಟೇಸ್ ಅನ್ನೋ ಎಂಜೈಮ್ ಎದ್ದು ಫೈಟೇಟನ್ನ ಒಡೆಯತ್ತೆ. ಮೊಳಕೆ ಹುರುಳಿಕಾಳು ಸಾರು, ಮೊಳಕೆ ರಾಗಿ ಹಿಟ್ಟಿನ ಅಂಬಲಿ ಇವಕ್ಕೆಲ್ಲ ಆ ಲಾಭ ಉಂಟು. ನಿಂಬೆಹಣ್ಣಿನ ವಿಟಮಿನ್ ಸಿ ಕಬ್ಬಿಣವನ್ನ ಕರುಳು ಹೀರೋ ರೂಪಕ್ಕೆ ತರತ್ತೆ. ಸಾರಿಗೆ ಊಟದ ಹೊತ್ತಲ್ಲೇ ಹಿಂಡಬೇಕು, ಕುದಿಸುವಾಗ ಹಾಕಿದ್ರೆ ವಿಟಮಿನ್ ಒಂದಷ್ಟು ಹಾಳಾಗತ್ತೆ. ಟೀ ಮಾತ್ರ ಉಲ್ಟಾ. ಅದರ ಟ್ಯಾನಿನ್ ಇದ್ದಬದ್ದ ಕಬ್ಬಿಣಕ್ಕೂ ಅಡ್ಡ ಬರತ್ತೆ, ಊಟಕ್ಕೂ ಟೀಗೂ ಒಂದು ಗಂಟೆಯಾದ್ರೂ ಅಂತರ ಇರಲಿ. ಮೆಸ್ಸಲ್ಲಿ ಟೀ ಕ್ಯಾನ್ ಇಟ್ಟಿರೋದು ತಟ್ಟೆ ತೊಳೆಯೋ ಜಾಗದ ಪಕ್ಕದಲ್ಲೇ. ಕ್ಲಬ್ಬಿನಿಂದ ಮೆಸ್ ಕಮಿಟಿಗೆ ಒಂದು ಪತ್ರ ಬರೆಯೋಣ: ಆ ಜಾಗದಲ್ಲಿ ಹೆಚ್ಚಿದ ನಿಂಬೆಹಣ್ಣು ಇಡಿ, ಟೀ ಮೂರು ಗಂಟೆಗೆ ಕೊಡಿ.