ನೆಲದಡಿಯ ಸದ್ದಿನ ನೆಲೆ

ತುಮಕೂರು ನಗರವು ಕುಡಿಯುವ ನೀರಿಗೆ ಹೇಮಾವತಿಯನ್ನು ನೆಚ್ಚಿದೆ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟಿನಿಂದ ಹೊರಟ ನೀರು ನಾಲೆಯಲ್ಲಿ ಗುಬ್ಬಿ ಸೀಮೆಯನ್ನು ಹಾದು ಬಂದು ಬುಗುಡನಹಳ್ಳಿಯ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ನಗರವನ್ನು ಸೇರುತ್ತದೆ. ಜನಪದರ ಹಾಡಿನಿಂದ ಹೆಸರಾದ ಕುಣಿಗಲ್ ಕೆರೆಗೂ ಇದೇ ಹೇಮಾವತಿಯ ಆಸರೆ. ಇಷ್ಟು ದೂರದಿಂದ ಬಂದ ನೀರು ಮನೆಯ ನಲ್ಲಿಯನ್ನು ತಲಪುವ ಮುನ್ನವೇ ಬೀದಿಯ ಅಡಿಯಲ್ಲಿ ಕೊಳವೆಯ ಬಿರುಕಿನಿಂದ ಸೋರಿಹೋದರೆ ಆ ನಷ್ಟ ಅಲ್ಪವಲ್ಲ. ಕೊಳವೆಯಲ್ಲಿ ಒತ್ತಡವಿಲ್ಲದ ವೇಳೆಯಲ್ಲಿ ಅದೇ ಬಿರುಕಿನಿಂದ ಚರಂಡಿಯ ಕೊಳೆ ಒಳಸೇರುವ ಅಪಾಯವೂ ಉಂಟು. ಹಾಗೆಂದು ಬೀದಿಯನ್ನೆಲ್ಲ ಅಗೆದು ನೋಡುವುದು ಸಾಧ್ಯವೂ ಅಲ್ಲ, ವಿವೇಕವೂ ಅಲ್ಲ.

ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕೀತು. ಒತ್ತಡದಿಂದ ಚಿಮ್ಮುವ ನೀರು ಎಡೆಬಿಡದೆ ಸುಯ್ಯೆಂದು ಸದ್ದು ಮಾಡುತ್ತದೆ. ಬಯಲಿನಲ್ಲಾದರೆ ಸದ್ದು ಎಲ್ಲ ದಿಕ್ಕಿಗೂ ಹರಡಿ ಬೇಗನೆ ಕ್ಷೀಣಿಸುವುದು. ಕೊಳವೆಯೊಳಗಿನ ಸದ್ದಾದರೋ, ನಾಲೆಯ ದಡಗಳ ನಡುವಣ ನೀರಿನಂತೆ, ಗೋಡೆಗಳ ನಡುವೆ ಸಿಲುಕಿ ಎರಡೂ ಕಡೆಗೆ ಬಹುದೂರ ಸಾಗುತ್ತದೆ. ಇಂತಹ ಮಾರ್ಗಕ್ಕೆ ಧ್ವನಿಯ ತರಂಗಮಾರ್ಗದರ್ಶಿ ಎಂದು ಹೆಸರು. ರಾತ್ರಿಯ ನಿಶ್ಶಬ್ದದಲ್ಲಿ ಸಲಾಕೆಯ ಒಂದು ತುದಿಯನ್ನು ಕೊಳವೆಗೆ ತಾಗಿಸಿ ಇನ್ನೊಂದು ತುದಿಗೆ ಕಿವಿಗೊಟ್ಟು ಸೋರಿಕೆಯನ್ನು ಪತ್ತೆಹಚ್ಚುವುದು ಹಳೆಯ ಕ್ರಮ. ಅನುಭವಿಯ ಕಿವಿ ಸಾಮಾನ್ಯವಾದುದಲ್ಲ. ಆದರೆ ವಾಹನಗಳ ಗದ್ದಲದಲ್ಲಿ ಅದು ಸೋಲುತ್ತದೆ.

ಕಬ್ಬಿಣದ ಕೊಳವೆಯೊಂದರ ಮೇಲೆ 200 ಮೀಟರ್ ಅಂತರದಲ್ಲಿ ಎರಡು ಕಂಪನಗ್ರಾಹಕಗಳನ್ನು ಇಟ್ಟಿದೆಯೆಂದು ಭಾವಿಸೋಣ. ಬಿರುಕಿಗೆ ಹತ್ತಿರವಿರುವುದಕ್ಕೆ ಸದ್ದು ಮೊದಲು ಮುಟ್ಟುತ್ತದೆ. ಆದರೆ ಗುಡುಗಿನಂತೆ ಈ ಸದ್ದಿಗೆ ಒಂದು ಆರಂಭವಿಲ್ಲ. ಮುಟ್ಟಿದ ಗಳಿಗೆಯನ್ನು ಗುರುತುಹಾಕುವುದು ಹೇಗೆ? ಗಣಕಯಂತ್ರವು ಎರಡೂ ದಾಖಲೆಗಳನ್ನು ತೆಗೆದುಕೊಂಡು, ಒಂದನ್ನು ಇನ್ನೊಂದರ ಮೇಲೆ ಸ್ವಲ್ಪಸ್ವಲ್ಪವೇ ಸರಿಸುತ್ತ, ಪ್ರತಿ ಸಲವೂ ಅನುರೂಪ ಬೆಲೆಗಳನ್ನು ಗುಣಿಸಿ ಕೂಡುತ್ತದೆ. ಮೊತ್ತವು ಎಲ್ಲಿ ಅತ್ಯಧಿಕವಾಗುವುದೋ ಅಷ್ಟು ಸರಿಸಿದ ಕಾಲವೇ ಎರಡು ತುದಿಗಳ ಕಾಲವ್ಯತ್ಯಾಸ. ಒಂದೇ ತುದಿಯಲ್ಲಿ ಕೇಳಿಬಂದ ಗದ್ದಲಕ್ಕೆ ಇನ್ನೊಂದರಲ್ಲಿ ಜೋಡಿಯಿಲ್ಲವಾದುದರಿಂದ ಅದು ಮೊತ್ತಕ್ಕೆ ಹೆಚ್ಚೇನೂ ಸೇರಿಸದು. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪನಮಾಪಕಗಳ ಸಾಲು ದೂರದ ಕಂಪನಗಳ ದಿಕ್ಕನ್ನು ಅರಿಯುವುದೂ ಕಾಲವ್ಯತ್ಯಾಸದಿಂದಲೇ.

ವ್ಯತ್ಯಾಸ 0.05 ಸೆಕೆಂಡು, ಕೊಳವೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 1,200 ಮೀಟರ್ ಎಂದಾದರೆ, ಎರಡು ದಾರಿಗಳ ಅಂತರ 60 ಮೀಟರ್. ಅದನ್ನು 200ರಲ್ಲಿ ಕಳೆದು ಅರ್ಧಿಸಿದರೆ, ಬಿರುಕು ಮೊದಲನೆಯ ಗ್ರಾಹಕದಿಂದ 70 ಮೀಟರ್ ದೂರದಲ್ಲಿದೆ. ವೇಗವನ್ನು 1,000 ಮೀಟರ್ ಎಂದು ತಪ್ಪಾಗಿ ಹಿಡಿದರೆ ಉತ್ತರ 75 ಮೀಟರ್ ಆಗಿ, ಗುಂಡಿ ಬೇರೆ ಮನೆಯ ಮುಂದೆ ಬೀಳುತ್ತದೆ! ಪ್ಲಾಸ್ಟಿಕ್ ಕೊಳವೆಗಳಲ್ಲಿ ತೊಡಕು ಇನ್ನೂ ಹೆಚ್ಚು. ಅವುಗಳ ಗೋಡೆ ಮೆತುವಾದುದರಿಂದ ಸದ್ದಿನ ವೇಗ ಬಹಳ ಇಳಿಯುತ್ತದೆ. ಕೀಚುದನಿ ಬೇಗನೆ ಅಡಗಿ ಮಂದ್ರದನಿ ಮಾತ್ರ ಮುಂದೆ ಸಾಗುತ್ತದೆ. ಅಲ್ಲಿ ಗ್ರಾಹಕಗಳನ್ನು ಹತ್ತಿರ ಹತ್ತಿರ ಇಡಬೇಕು. ಲೆಕ್ಕವು ತೋರಿದ ಸ್ಥಳದಲ್ಲಿ ಹಾರೆ ಹಾಕುವ ಮೊದಲು, ಕೆಲಸಗಾರನು ನೆಲಕ್ಕೆ ಕಿವಿಗೊಟ್ಟು ಇನ್ನೊಮ್ಮೆ ಆಲಿಸುವುದುಂಟು.