ಬಟನ್ ಬಿಟ್ಟರೆ ನೌಕೆ ನಿಲ್ಲುತ್ತದೆಯೇ?

ಅನೇಕ ವಿಡಿಯೋ ಗೇಮ್‌ಗಳಲ್ಲಿ ಬಟನ್ ಬಿಟ್ಟೊಡನೆ ಅಂತರಿಕ್ಷ ನೌಕೆ ನಿಧಾನವಾಗಿ ನಿಲ್ಲುತ್ತದೆ. ರಸ್ತೆಯಲ್ಲಿ ಬೈಕ್ ಹಾಗೆ ನಿಲ್ಲಲು ಘರ್ಷಣೆ, ಗಾಳಿಯ ತಡೆ ಕಾರಣ. ಅಂತರಿಕ್ಷದಲ್ಲಿ ಇವೆರಡೂ ಬಹುತೇಕ ಇಲ್ಲ. ನ್ಯೂಟನ್ನನ ಮೊದಲನೆಯ ನಿಯಮದಂತೆ ನೌಕೆ ಅದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ.

ಲೆಕ್ಕ ನೋಡಿ: ನಿಶ್ಚಲ ನೌಕೆಗೆ 10 ಸೆಕೆಂಡು 5 ಮೀ/ಸೆ² ವೇಗೋತ್ಕರ್ಷ ಕೊಟ್ಟರೆ ವೇಗ 5 × 10 = 50 ಮೀ/ಸೆ. ನಿಲ್ಲಿಸಬೇಕಾದರೆ ನೌಕೆಯನ್ನು ಹಿಂದಕ್ಕೆ ತಿರುಗಿಸಿ, ಅಷ್ಟೇ ವೇಗೋತ್ಕರ್ಷವನ್ನು ಮತ್ತೆ 10 ಸೆಕೆಂಡು ಕೊಡಬೇಕು.

1962ರ ‘ಸ್ಪೇಸ್‌ವಾರ್’ ಆಟದಲ್ಲಿ ಈ ಜಡತ್ವವಿತ್ತು. 1979ರ ‘ಆಸ್ಟರಾಯ್ಡ್ಸ್’ನಲ್ಲಿ ನೌಕೆ ಸ್ವಲ್ಪ ತೇಲಿ ತಾನಾಗಿಯೇ ನಿಧಾನವಾಗುತ್ತದೆ. ಆಡಲು ಅದು ಸುಲಭ. ಆದರೆ 2023ರಲ್ಲಿ ಚಂದ್ರಯಾನ-3ರ ಲ್ಯಾಂಡರ್‌ಗೆ ಆ ಸೌಲಭ್ಯವಿರಲಿಲ್ಲ. ಚಂದ್ರನಲ್ಲಿ ವಾತಾವರಣವಿಲ್ಲದ ಕಾರಣ ಅದರ ವೇಗವನ್ನು ಎಂಜಿನ್‌ಗಳೇ ತಗ್ಗಿಸಬೇಕಾಯಿತು.